ನಡುವೆ ಗೋಡೆಯಿದ್ದ ಗಾಡಿ

ಹಳೆಯ ಮೋಟಾರ್ ಹೋಮ್ ನೋಡಲು ಹೋದ ಗಂಡಸರು ಮೊದಲು ಬಾನೆಟ್ ಎತ್ತಿಸುತ್ತಾರೆ. ಆಮೇಲೆ ಟೈರಿಗೆ ಒಂದು ಒದೆ ಕೊಡುತ್ತಾರೆ. ನನ್ನ ಗಂಡನೂ ಹಾಗೇ ಮಾಡಿದರು. ನಾನು ಮಾತ್ರ ಸೀದಾ ಒಳಗೆ ಹತ್ತಿ, ಹೊರಗೆ ಹೋಗಲು ಎಷ್ಟು ಬಾಗಿಲಿದೆ ಎಂದು ನೋಡುತ್ತಿದ್ದೆ. ಮಂಚದಿಂದ ಬಾಗಿಲಿನವರೆಗೆ ಅವರ ಕೈಗೆ ಸಿಗದೆ ದಾಟಬಹುದೇ? ಒಲೆಯ ಪಕ್ಕ ಚಾಕುಗಳನ್ನು ಎಲ್ಲಿ ನೇತುಹಾಕಿದ್ದಾರೆ? ಕಿಟಕಿಯ ಗಾಜು ಸರಿಸಿದರೆ ನನ್ನ ಗಾತ್ರದ ಹೆಂಗಸು ಹೊರಗೆ ತೂರಬಹುದೇ? ಮಾರುವವರು, ಮೇಡಂ ಇಂಟೀರಿಯರ್ ನೋಡುತ್ತಿದ್ದಾರೆ ಎಂದುಕೊಂಡು ಕರ್ಟನ್ನಿನ ಬಣ್ಣ, ಸೋಫಾದ ಬಟ್ಟೆ ತೋರಿಸುತ್ತಿದ್ದರು. "ವೆರಿ ನೈಸ್" ಅನ್ನುತ್ತಿದ್ದೆ. ಕಾನ್ವೆಂಟಿನಲ್ಲಿ ನಾನು ಕಲಿತ ಮೊದಲ ಪಾಠ ಅದು. ಏನು ಕಂಡರೂ ಮೊದಲು ವೆರಿ ನೈಸ್ ಅನ್ನಬೇಕು.

ನನ್ನ ಗಂಡ ನನಗೆ ಹೊಡೆಯುತ್ತಿದ್ದರು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೆ ದಾಟಿತು. ಮದುವೆಯಾಗಿ ಮಂಗಳೂರಿನಿಂದ ದುಬೈಗೆ ಬಂದ ಹೊಸತರಲ್ಲಿ ಶುರುವಾದದ್ದು, ಇಬ್ಬರ ತಲೆಯೂ ನರೆತು, ಅವರ ಕಣ್ಣಿಗೆ ಗ್ಲಾಕೋಮಾ ಬಂದು, ನನ್ನ ಮೊಣಕಾಲು ಸವೆದ ಮೇಲೂ ನಿಲ್ಲಲಿಲ್ಲ. ನಡುವೆ ಕೆಲವು ವರ್ಷ ಮಾತ್ರ ನನಗೆ ರಜೆ ಇತ್ತು. ಆ ರಜೆ ಕೊಟ್ಟದ್ದು ಒಂದು ಜಿಪ್ಸಮ್ ಬೋರ್ಡು.

ಆಗ ನಾವಿದ್ದದ್ದು ದುಬೈಯ ಸತ್ವಾದಲ್ಲಿ. ಒಂದು ಹಳೆಯ ವಿಲ್ಲಾ. ಅದರ ಹಾಲು, ಬೆಡ್‌ರೂಮು, ಕೊನೆಗೆ ವರಾಂಡವನ್ನೂ ಬೋರ್ಡು ನಿಲ್ಲಿಸಿ ತುಂಡು ತುಂಡು ಮಾಡಿದ್ದರು. ಒಂದು ತುಂಡಿಗೆ ಪಾರ್ಟಿಷನ್ ಎಂದು ಹೆಸರು. ಒಂದು ಪಾರ್ಟಿಷನ್ನಿನಲ್ಲಿ ಒಂದು ಸಂಸಾರ. ಅಡುಗೆಮನೆ, ಬಾತ್‌ರೂಮು ಎಲ್ಲರಿಗೂ ಸೇರಿ. ಆಚೆಯವರು ಸೀನಿದರೆ ಈಚೆಯಿಂದ ಗಾಡ್ ಬ್ಲೆಸ್ ಯೂ ಅನ್ನಬಹುದಾದಷ್ಟು ತೆಳ್ಳಗಿನ ಗೋಡೆ. ಆ ಬದುಕಿಗೂ ಒಂದು ಮರ್ಯಾದೆ ಇತ್ತು. ಟೀವಿ ಜೋರಾದರೆ, ಮಗು ಮಲಗಿದ್ದರೆ, ಡ್ಯೂಟಿ ಮುಗಿಸಿ ಬಂದವರು ಹಗಲು ನಿದ್ದೆ ಮಾಡುತ್ತಿದ್ದರೆ, ಬಾಯಿಬಿಟ್ಟು ಹೇಳುವುದಿಲ್ಲ. ಬೆರಳ ಗಂಟಿನಿಂದ ಬೋರ್ಡಿನ ಮೇಲೆ ಮೆಲ್ಲಗೆ ತಟ್ಟುವುದು. ತಟ್ಟಿದರೆ ಈಚೆಯವರು ತಗ್ಗಬೇಕು. ಯಾರು, ಯಾಕೆ ಎಂದು ಕೇಳುವ ಹಾಗಿಲ್ಲ. ಮರುದಿನ ಅಡುಗೆಮನೆಯಲ್ಲಿ ಎದುರಾದಾಗ ಅದರ ಮಾತೆತ್ತುವ ಹಾಗೂ ಇಲ್ಲ.

ಪಕ್ಕದ ಪಾರ್ಟಿಷನ್ನಿನಲ್ಲಿ ಕೇರಳದ ಒಬ್ಬ ನರ್ಸ್ ಇದ್ದಳು. ನಾವು ಬಂದ ಹೊಸತರಲ್ಲಿ ಒಂದು ಶುಕ್ರವಾರ, ಮೀನಿಗೆ ಹುಳಿ ಹೆಚ್ಚಾಯಿತೆಂದು ಇವರು ತಟ್ಟೆಯನ್ನು ನನ್ನ ಮುಖಕ್ಕೆ ಎಸೆದು ಕೈ ಎತ್ತಿದರು. ಬೋರ್ಡಿನ ಆಚೆಯಿಂದ ಟಕ್ ಟಕ್ ಎಂದು ಸದ್ದಾಯಿತು. ಎತ್ತಿದ ಕೈ ಹಾಗೇ ನಿಂತಿತು. ನಮ್ಮವರಿಗೆ ದೇವರ ಭಯ ಇರಲಿಲ್ಲ. ನಾಲ್ಕು ಜನ ಏನೆಂದಾರು ಎನ್ನುವ ಭಯ ಇತ್ತು. ಅಲ್ಲಿಂದ ಮುಂದೆ ಅವರು ಚಿವುಟಲು ಕಲಿತರು. ತೋಳಿನ ಒಳಭಾಗದಲ್ಲಿ, ಸೆರಗು ಮುಚ್ಚುವ ಜಾಗದಲ್ಲಿ. ಅದಕ್ಕೆ ಸದ್ದಿಲ್ಲ. ಆದರೂ ಹೇಳುತ್ತೇನೆ, ಚಿವುಟಿಸಿಕೊಂಡ ಆ ವರ್ಷಗಳು ನನ್ನ ಸುಖದ ವರ್ಷಗಳು. ಮಗಳು ಹುಟ್ಟಿದ್ದೂ ಆಗಲೇ.

ಆಮೇಲೆ ಅವರಿಗೆ ಪ್ರಮೋಶನ್ ಬಂತು. ದೇರಾದಲ್ಲಿ ಸ್ವತಂತ್ರ ಫ್ಲಾಟ್ ಹಿಡಿದೆವು. ಗಟ್ಟಿ ಕಾಂಕ್ರೀಟ್ ಗೋಡೆ, ನಮ್ಮದೇ ಬಾಗಿಲು, ನಮ್ಮದೇ ಅಡುಗೆಮನೆ. ಸತ್ವಾದ ಹೆಂಗಸರೆಲ್ಲ ಕಂಗ್ರಾಜುಲೇಶನ್ಸ್ ಎಂದು ತಬ್ಬಿಕೊಂಡರು. ನರ್ಸ್ ಮಾತ್ರ ನನ್ನ ಕೈ ಹಿಡಿದು ನಿಂತಳು. ಹೊಸ ಮನೆಗೆ ಹೋದ ವಾರದಲ್ಲೇ ಕುಕ್ಕರಿನ ಮುಚ್ಚಳ ನನ್ನ ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗಿಳಿದು, ಅಡುಗೆಮನೆಯ ಬಿಳಿ ಟೈಲ್ಸ್ ಮೇಲೆ ತೊಟ್ಟಿಕ್ಕುವಾಗ ನಾನು ಕಿವಿಗೊಟ್ಟು ನಿಂತೆ. ಯಾರೂ ತಟ್ಟಲಿಲ್ಲ. ಅಷ್ಟು ದಪ್ಪ ಗೋಡೆ.

ಶಾಲೆಯಲ್ಲಿ ಸಿಸ್ಟರ್ ಹೇಳುತ್ತಿದ್ದರು, "ನೋವನ್ನು ದೇವರಿಗೆ ಆಫರ್ ಮಾಡಿ, ಗರ್ಲ್ಸ್." ವರ್ಷಗಟ್ಟಲೆ ಆಫರ್ ಮಾಡಿದೆ. ಡೆಲಿವರಿ ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ಬಂದದ್ದು ಎದುರು ಫ್ಲಾಟಿನವಳು. ಧಾರವಾಡದ ಕಡೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಗಂಡನಿಗೆ ದೇರಾದ ನೈಫ್ ಪೇಟೆಯಲ್ಲಿ ಅಂಗಡಿ. ಅಷ್ಟು ಹೊತ್ತಿಗೆ ನಮ್ಮವರು ರಿಟೈರ್ ಆಗಿದ್ದರು. ಮಗಳು ಅಬುಧಾಬಿಯಲ್ಲಿ ಕೆಲಸಕ್ಕೆ ಸೇರಿ ನಮ್ಮಿಬ್ಬರ ವೀಸಾ ತನ್ನ ಸ್ಪಾನ್ಸರ್‌ಶಿಪ್ಪಿಗೆ ತೆಗೆದುಕೊಂಡಿದ್ದಳು. ಅವರು ಇಡೀ ದಿನ ಮನೆಯಲ್ಲೇ. ಒಂದು ಮಧ್ಯಾಹ್ನ ಅವರು ನನ್ನ ಜಡೆ ಹಿಡಿದು ಫ್ರಿಜ್ಜಿಗೆ ತಲೆ ಬಡಿಯುತ್ತಿದ್ದಾಗ ಬೆಲ್ ಆಯಿತು. ಕೂದಲು ಬಿಟ್ಟು, ಶರ್ಟು ಸರಿಮಾಡಿಕೊಂಡು ಅವರೇ ಬಾಗಿಲು ತೆರೆದರು. ಅವಳು ಒಂದು ಸ್ಟೀಲಿನ ಬಟ್ಟಲು ಹಿಡಿದು ನಿಂತಿದ್ದಳು.

"ಅಕ್ಕಾರ ಅದಾರೇನ್ರಿ? ಒಂದೀಟು ಸಕ್ರಿ ಬೇಕಾಗಿತ್ತು."

ಕೊಟ್ಟೆ. ಅರ್ಧ ನೆಲಕ್ಕೆ ಚೆಲ್ಲಿತು. ಅವಳು ನನ್ನ ಕೆದರಿದ ಜಡೆಯನ್ನು ನೋಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಏನಾದರೂ ಬಿದ್ದರೆ, ಒಡೆದರೆ, ನಾನು ಕೂಗಿದರೆ, ಬೆಲ್ ಆಗುತ್ತಿತ್ತು. ಬಟ್ಟಲು, ಸಕ್ಕರೆ. ಒಂದೇ ವಾರದಲ್ಲಿ ಎಷ್ಟು ಸಲ ಬಂದಳೋ. ನಮ್ಮವರಿಗೆ ತಲೆ ಕೆಟ್ಟಿತು.

"ಆ ಮನೆಯಲ್ಲಿ ಎಲ್ಲರಿಗೂ ಶುಗರ್ ಕಾಯಿಲೆ ಉಂಟು. ಇಷ್ಟು ಸಕ್ಕರೆ ಅವಳಿಗೆ ಎಂತಕ್ಕೆ?"

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ! ಕಾನ್ವೆಂಟಿನಲ್ಲಿ ಓದಿದ ಮಂಡೆಗೆ ಇಷ್ಟು ಗೊತ್ತಿಲ್ಲ!"

ಕೊನೆಗೆ ಒಂದು ದಿನ ಅವಳು ಬಟ್ಟಲನ್ನು ಶೂ ರ್‍ಯಾಕಿನ ಮೇಲಿಟ್ಟು ಒಳಗೇ ಬಂದುಬಿಟ್ಟಳು. ನಾನು ನೆಲದ ಮೇಲಿದ್ದೆ. ಇವರ ಕಾಲು ನನ್ನ ಸೊಂಟದ ಹತ್ತಿರ ಇತ್ತು. ಅವಳು ನಡುವೆ ನಿಂತು, "ಅಣ್ಣಾರ, ಸಾಕು ಮಾಡ್ರಿ. ಕೆಳಗ ನಾತೂರಗ ಹೇಳಿ ಬಂದೀನಿ," ಎಂದಳು. ನಾತೂರ್ ಎಂದರೆ ಬಿಲ್ಡಿಂಗಿನ ವಾಚ್‌ಮನ್. ಅವನಿಗೆ ತಿಳಿದರೆ ಲಿಫ್ಟಿಗೆ ತಿಳಿದ ಹಾಗೆ.

ಇವರು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಒಂದು ವಾರ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ತಣ್ಣಗಿನ ದನಿಯಲ್ಲಿ, "ಒಂದು ಮೋಟಾರ್ ಹೋಮ್ ತೆಗೊಳ್ಳುವ," ಎಂದರು. "ಸೆಕೆಂಡ್ ಹ್ಯಾಂಡ್ ಸಾಕು. ಚಳಿಗಾಲ ಪೂರ್ತಿ ಮರುಭೂಮಿಯಲ್ಲಿ ಇರುವ. ನಾನು, ನೀನು. ಅಲ್ಲಿ ನಿನ್ನ ಸಕ್ಕರೆ ಪಾರ್ಟಿ ಯಾರೂ ಇಲ್ಲ."

ನನ್ನ ಕೈಯ ಚಹಾ ಹಾಗೇ ಆರಿತು.

ಬೇಡ ಅನ್ನುವ ಹಾಗಿರಲಿಲ್ಲ. ಬೇಡ ಅಂದರೆ ಏನಾಗುತ್ತಿತ್ತೆಂದು ನನ್ನ ಹುಬ್ಬಿಗೆ ಗೊತ್ತು. ಮಗಳಿಗೆ ಫೋನ್ ಮಾಡಿದರೆ ಅವಳು ಯಾವತ್ತಿನ ಹಾಗೆ, "ಮಮ್ಮಿ, ಜಸ್ಟ್ ಲೀವ್ ಹಿಮ್. ಕಮ್ ಹಿಯರ್," ಎಂದಳು. ಎಷ್ಟು ಸುಲಭದ ಇಂಗ್ಲಿಷ್. ನಾನು ಫ್ಲಾಟಿನ ಬಾಗಿಲಿನ ಕಡೆ ನೋಡಿದೆ. ಅದರ ಬೀಗದಕೈ ಅವರ ಜೇಬಿನಲ್ಲಿತ್ತು. ಕಾರಿನದೂ ಅಷ್ಟೇ; ಓಡಿಸುವ ಹೊತ್ತಿಗೆ ನನ್ನ ಕೈಗೆ ಕೊಟ್ಟು, ಇಳಿಯುವಾಗ ವಾಪಸು.

ಆದರೆ ಒಂದು ವಿಷಯ ಅವರೂ ಬದಲಾಯಿಸಲಾರರು. ಕಣ್ಣಿನ ಟೆಸ್ಟಿನಲ್ಲಿ ಫೇಲಾಗಿ ಅವರ ಲೈಸೆನ್ಸ್ ಹೋಗಿತ್ತು. ಗಾಡಿ ಓಡಿಸಬೇಕಾದವಳು ನಾನು. ನನ್ನದು ಲೈಟ್ ವೆಹಿಕಲ್ ಲೈಸೆನ್ಸ್. ಅದಕ್ಕೆ ಹೊಂದುವ ಗಾಡಿಯೇ ಆಗಬೇಕು, ನನ್ನ ಹೆಸರಿಗೇ ಆಗಲಿ ಎಂದು ಅವರೇ ಹೇಳಿದರು. ಫೈನ್ ಬಿದ್ದರೆ ನನಗೆ ಬೀಳಲಿ ಎಂದು.

ಇನ್ನೊಂದು ಮಾತು ಹೇಳಬೇಕು. ನಾನು ಸ್ಟೀರಿಂಗ್ ಹಿಡಿದಿರುವಾಗ ಅವರು ನನ್ನನ್ನು ಮುಟ್ಟುತ್ತಿರಲಿಲ್ಲ. ಬೈಗುಳ ಧಾರಾಳವಾಗಿ ಬರುತ್ತಿತ್ತು, ಕೈ ಬರುತ್ತಿರಲಿಲ್ಲ. ಜೀವದಾಸೆ. ಶೇಖ್ ಜಾಯೆದ್ ರೋಡಿನಲ್ಲಿ ಎಲ್ಲರೂ ಹೆದರುವ ಟ್ರಾಫಿಕ್ಕಿನ ನಡುವೆ ನಾನೊಬ್ಬಳು ಹಾಯಾಗಿ ಉಸಿರಾಡುತ್ತಿದ್ದೆ. ಗೇರನ್ನು ಪಾರ್ಕ್‌ಗೆ ಹಾಕಿದ ಕೂಡಲೆ ಮುಗಿಯಿತು. ದಾರಿಯುದ್ದಕ್ಕೂ ಕೂಡಿಟ್ಟದ್ದೆಲ್ಲ ಪಾರ್ಕಿಂಗಿನಲ್ಲಿ ನನ್ನ ಕೆನ್ನೆಗೆ ಬರುತ್ತಿತ್ತು. ಹಾಗಾಗಿ ನಾನು ಜಾಗ ಖಾಲಿ ಇದ್ದರೂ ಇನ್ನೊಂದು ಸುತ್ತು ಹಾಕುವವಳು.

ಮೊದಲ ಗಾಡಿ ನೋಡಿದ್ದು ಅವೀರ್‌ನ ಹಳೆಯ ಕಾರುಗಳ ಮಾರ್ಕೆಟ್ಟಿನಲ್ಲಿ. ಯುರೋಪಿನಿಂದ ಹಡಗಿನಲ್ಲಿ ಬಂದದ್ದು. ಬಿಳಿ ಬಣ್ಣ, ಕಿಟಕಿಗೆ ಲೇಸಿನ ಕರ್ಟನ್, ಗೊಂಬೆಮನೆಯ ಹಾಗೆ. ಮಾರುವವನು ಪೇಶಾವರದ ಕಡೆಯ ಪಠಾಣ, ಬಾಯಿತುಂಬ ನಗುವವನು. "ಅಮ್ಮಾಜಿ, ಬಿಲ್ಕುಲ್ ನಯಾ," ಎಂದ. ಒಳಗೆ ಹೋದರೆ ಒಂದೇ ಬಾಗಿಲು, ಅದೂ ಮಂಚದ ಕಾಲಬುಡಕ್ಕೆ. ಅವರು ಮಂಚದಂಚಿನಲ್ಲಿ ಕುಳಿತರೆ ನಾನು ಒಲೆಯ ಮೂಲೆಯಲ್ಲಿ ಬಂದಿ. ಒಲೆಯ ಮೇಲೆ ಆಯಸ್ಕಾಂತದ ಪಟ್ಟಿಗೆ ಚಾಕುಗಳು ಅಂಟಿ ನಿಂತಿದ್ದವು, ದೊಡ್ಡದರಿಂದ ಚಿಕ್ಕದಕ್ಕೆ.

ಹೇಗೆ ಬೇಡ ಅನ್ನಲಿ ಎಂದು ಯೋಚಿಸುತ್ತಿರುವಾಗಲೇ ಆ ವಾಸನೆ ಬಂತು. ಏರ್ ಫ್ರೆಶನರ್ ಹೊಡೆದಿದ್ದರು. ಅದರ ಅಡಿಯಲ್ಲಿ ನನ್ನ ತವರಿನ ಆಷಾಢದ ವಾಸನೆ, ಬಟ್ಟೆಯ ಪೆಟ್ಟಿಗೆ ತೆರೆದಾಗ ಬರುವುದು. ಬಾತ್‌ರೂಮಿನ ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬಿಸ್ಕೆಟ್ ಚಹಾಕ್ಕೆ ಅದ್ದಿದ ಹಾಗೆ ಒಳಗೆ ಹೋಯಿತು. ಈ ಮರಳುಗಾಡಿನಲ್ಲಿ ಗಾಡಿಯ ಮರ ಒದ್ದೆಯಾಗಿ ಕೊಳೆತೀತೆಂದು ಯಾರೂ ಯೋಚಿಸುವುದಿಲ್ಲ. ಆದರೆ ಅದು ಮಳೆಯ ದೇಶದಲ್ಲಿ ವರ್ಷಗಟ್ಟಲೆ ನಿಂತು ಬಂದದ್ದು.

"ಇದು ಕೊಳೆತಿದೆ. ಡ್ಯಾಂಪ್," ಎಂದೆ, ಪಠಾಣನ ಎದುರಿಗೇ.

ನಮ್ಮವರು ನಗುನಗುತ್ತಲೇ ನನ್ನ ಪಾದದ ಮೇಲೆ ಶೂ ಇಟ್ಟು ಭಾರ ಬಿಟ್ಟರು. "ಇವಳಿಗೆ ಗಾಡಿ ಬಗ್ಗೆ ಎಂತ ಗೊತ್ತುಂಟು," ಎಂದು ಹಿಂದಿಯಲ್ಲಿ ಅವನಿಗೆ ಹೇಳಿ, ತಾವೂ ಗೋಡೆ ಒತ್ತಿ ನೋಡಿದರು. ಅವರ ಬೆರಳೂ ಒಳಗೆ ಹೋಯಿತು. ಪಠಾಣನ ನಗು ನಿಂತಿತು. ಗಾಡಿ ತಪ್ಪಿತು. ಕಾಲ ಹೆಬ್ಬೆರಳಿನ ಉಗುರು ನೀಲಿಯಾಗಿ, ಕಪ್ಪಾಗಿ, ಕೊನೆಗೆ ಬಿದ್ದುಹೋಯಿತು. ಸರಿ ಹೇಳಿದ್ದಕ್ಕೆ ಆ ಪೆಟ್ಟು. ತಪ್ಪು ಹೇಳಿದ್ದರೆ ಇನ್ನೇನೋ.

ಎರಡನೆಯದು ಅಬುಧಾಬಿಯ ಮುಸಫಾದಲ್ಲಿ. ಈಜಿಪ್ಟಿನ ಒಬ್ಬ ಮೇಷ್ಟ್ರು, ಕೆಲಸ ಬಿಟ್ಟು ಊರಿಗೆ ಹೊರಟವರು, ಒಂದು ಶೆಡ್ಡಿನ ಮುಂದೆ ನಿಲ್ಲಿಸಿಕೊಂಡಿದ್ದರು. ಆ ಗಾಡಿಗೆ ಎರಡು ಬಾಗಿಲು. ಒಂದು ಪಕ್ಕದಲ್ಲಿ, ಒಂದು ಡ್ರೈವರ್ ಸೀಟಿನ ಹತ್ತಿರ. ಒಳಗಿಂದಲೇ ಮುಂದಕ್ಕೆ ನಡೆದು ಹೋಗಬಹುದು. ನನಗೆ ಆಸೆಯಾಯಿತು. ಆಮೇಲೆ ಹೊಳೆಯಿತು, ನಾನು ನಡೆದು ಹೋಗಬಹುದಾದಲ್ಲಿಗೆ ಅವರೂ ನಡೆದು ಬರುತ್ತಾರೆ.

ಮೇಷ್ಟ್ರು ಪ್ರಾಮಾಣಿಕರು. ಫ್ರಿಜ್ ಗ್ಯಾಸಿನಲ್ಲಿ ಓಡುವುದಿಲ್ಲ, ಪ್ಲಗ್ ಹಾಕಿದರೆ ಮಾತ್ರ ಓಡುತ್ತದೆ ಎಂದು ತಾವೇ ಹೇಳಿದರು. ಸಿಲಿಂಡರಿನ ಪೈಪು ಬಿರುಕು ಬಿಟ್ಟದ್ದನ್ನು ನಾನು ತೋರಿಸಿ, "ಇದನ್ನು ಬದಲಾಯಿಸಬೇಕಲ್ಲ?" ಎಂದೆ. ಚೌಕಾಸಿಗೆ ಅನುಕೂಲವಾಗಲೆಂದೇ ಕೇಳಿದ್ದು. ಆದರೆ ಆ ಮಾತು ನಮ್ಮವರು ಆಡಬೇಕಿತ್ತು, ನಾನಲ್ಲ. ನನ್ನ ಮಣಿಕಟ್ಟು ಹಿಡಿದು, ಬಟ್ಟೆ ಹಿಂಡುವ ಹಾಗೆ ತಿರುಚಿದರು. ಅಮ್ಮಾ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಮೇಷ್ಟ್ರು ಗಾಡಿಯ ಬಾಗಿಲು ಧಡಾರನೆ ಮುಚ್ಚಿದರು. "ಖಲಾಸ್. ನಾಟ್ ಫಾರ್ ಸೇಲ್."

"ವಾಟ್ ನಾಟ್ ಫಾರ್ ಸೇಲ್? ಐ ಯಾಮ್ ಕಸ್ಟಮರ್!" ಎಂದು ಇವರು ಅವರ ಎದೆಗೆ ಕೈ ಹಾಕಿ ತಳ್ಳಿದರು. ಕನ್ನಡಕ ಬಿದ್ದು ಮರಳಿಗೆ ಸೇರಿತು. ಆ ಮೆದು ಮನುಷ್ಯ ಬಗ್ಗಿ ಎತ್ತಿಕೊಂಡದ್ದು ಕನ್ನಡಕವನ್ನಲ್ಲ, ಟೈರು ಬಿಚ್ಚುವ ಸ್ಪ್ಯಾನರನ್ನು. ಅವರ ಕೆನ್ನೆ ಅದುರುತ್ತಿತ್ತು. "ಯಲ್ಲಾ! ಟೇಕ್ ಯುವರ್ ಹ್ಯಾಂಡ್ ಫ್ರಮ್ ಹರ್. ಯಲ್ಲಾ, ಗೋ!" ಇವರು ಗಾಡಿಯ ಬಂಪರಿಗೆ ಒದ್ದರು. ಮೇಷ್ಟ್ರು ಸ್ಪ್ಯಾನರ್ ಎತ್ತಿದರು. ನಾನು ನಡುವೆ ನುಗ್ಗಿ, "ಸರ್, ಪ್ಲೀಸ್, ಸರ್," ಎಂದೆ. ಯಾರನ್ನು ಕಾಪಾಡಿದೆನೋ ನನಗೇ ಗೊತ್ತಿಲ್ಲ. ಆ ಸ್ಪ್ಯಾನರ್ ಬೀಳಲಿ ಎಂದು ಮನಸ್ಸು ಒಳಗೆ ಕುಣಿಯುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಅಬುಧಾಬಿಯಿಂದ ದೇರಾದವರೆಗೆ ನಮ್ಮವರು ಉಸಿರೆತ್ತಲಿಲ್ಲ. ನಾನು ನಿಧಾನಕ್ಕೆ ಓಡಿಸಿದೆ. ಲಾರಿಗಳೂ ನನ್ನನ್ನು ದಾಟಿ ಹೋದವು. ಬಿಲ್ಡಿಂಗಿನ ಹಿಂದಿನ ಮರಳು ಪಾರ್ಕಿಂಗಿನಲ್ಲಿ ಇಳಿದು, ಕಾರಿನ ಅಂಚು ಹಿಡಿದುಕೊಂಡು ನಿಲ್ಲುವಷ್ಟರಲ್ಲಿ ಅವರು ಬಾಗಿಲನ್ನು ನನ್ನ ಕೈಯ ಮೇಲೆ ಮುಚ್ಚಿದರು. ತಪ್ಪಿ ಅಲ್ಲ. ಒಮ್ಮೆ ಮುಚ್ಚಿ, ತೆರೆದು, ನೋಡಿ, ಮತ್ತೆ ಮುಚ್ಚಿದರು. ಕಿರುಬೆರಳು ಒಣಕಡ್ಡಿಯ ಹಾಗೆ ಲಟ್ಟೆಂದಿತು. ಈಗಲೂ ಅದು ಸೊಟ್ಟಗಿದೆ. ಚಹಾದ ಕಪ್ಪು ಹಿಡಿದರೆ ದೊಡ್ಡ ಮನೆತನದ ಲೇಡಿಯ ಹಾಗೆ ತಾನೇ ಎದ್ದು ನಿಲ್ಲುತ್ತದೆ.

ಕ್ಲಿನಿಕ್ಕಿಗೆ ಕರೆದುಕೊಂಡು ಹೋದದ್ದು ಸಕ್ಕರೆಯವಳು. ಡಾಕ್ಟರಿಗೆ, ಕಾರಿನ ಬಾಗಿಲು ಬಿತ್ತು ಎಂದೆ. ಸುಳ್ಳೇನಲ್ಲವಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಾಗ ಅವಳು ಸಿಟ್ಟಿನಿಂದ ಅತ್ತಳು.

"ಪೊಲೀಸರಿಗೆ ಹೇಳೋಣು ಅಂದ್ರ ಬ್ಯಾಡ ಅಂತೀರಿ. ಮಗಳ ಕಡೆ ಹೋಗ್ರಿ ಅಂದ್ರ ಆಗೂದಿಲ್ಲ ಅಂತೀರಿ. ಮತ್ತ ಏನ್ ಮಾಡವ್ರ ಇದ್ದೀರಿ ಅಕ್ಕಾರ?"

"ಗಾಡಿ ತಗೊಳ್ಳುತ್ತೇನೆ."

"ತಲಿ ನೆಟ್ಟಗೈತೇನ್ರಿ ನಿಮ್ಮದು? ಆ ಡಬ್ಬಿಯೊಳಗ ಅವರ ಜೋಡಿ ಹೊಂಟೀರಿ. ಅಲ್ಲಿ ಸಕ್ರಿ ಕೇಳಾಕ ಯಾರ ಬರ್ತಾರ, ಒಂಟಿನಾ?"

ನನಗೆ ನಗು ಬಂತು. ನಕ್ಕರೆ ಬೆರಳು ನೋಯುತ್ತಿತ್ತು. "ಸತ್ವಾದಲ್ಲಿ ನಮ್ಮದು ಪಾರ್ಟಿಷನ್ ಇತ್ತು," ಎಂದೆ. "ಅಂಥದೊಂದು ಗಾಡಿ ಹುಡುಕುತ್ತಿದ್ದೇನೆ. ಓಡಿಸುವವರ ಜಾಗ ಬೇರೆ, ಮನೆ ಬೇರೆ. ನಡುವೆ ಗೋಡೆ."

ಅವಳು ಮೂಗು ಒರೆಸಿಕೊಂಡಳು. ಆಮೇಲೆ, "ಗೋಡಿ ದಪ್ಪ ಇರ್‍ಲಿ," ಎಂದಳು.

ಮೂರನೆಯದು ಸತ್ವಾದಲ್ಲೇ ಸಿಕ್ಕಿತು. ನಾವು ಮೊದಲಿದ್ದ ವಿಲ್ಲಾದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಒಂದು ಚಿಕ್ಕ ಗ್ಯಾರೇಜು. ನಡೆಸುವವನು ನಮ್ಮ ಕಡೆಯ ಬ್ಯಾರಿ. ಒಂದು ಜಪಾನಿ ಪಿಕಪ್. ಅದರ ಬೆನ್ನ ಮೇಲೆ ಮನೆ ಕೂರಿಸಿದ್ದರು. ಒಳಗೆ ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು. ಮನೆಗೆ ಹಿಂದಿನಿಂದ ಒಂದು ಬಾಗಿಲು. ಡ್ರೈವರ್ ಕ್ಯಾಬಿನ್ನಿಗೆ ಅದರದೇ ಬಾಗಿಲುಗಳು. ನಡುವೆ ತಗಡಿನ ಗೋಡೆ, ಅದರಲ್ಲಿ ತಟ್ಟೆಯಷ್ಟು ದೊಡ್ಡ ಗಾಜು, ಸರಿಯದ ಹಾಗೆ ಅಂಟಿಹೋದದ್ದು. ಹಿಂದಿನ ಬಾಗಿಲು ಓಡುವಾಗ ತಾನಾಗಿ ತೆರೆದುಕೊಳ್ಳುತ್ತದೆಂದು ಯಾರೋ ಹೊರಗಡೆ ಒಂದು ಗಟ್ಟಿ ಚಿಲಕ ಬೆಸೆದಿದ್ದರು. ಮಲ್ಕಿಯಾದಲ್ಲಿ, ಅಂದರೆ ರಿಜಿಸ್ಟ್ರೇಶನ್ ಕಾರ್ಡಿನಲ್ಲಿ, ಮೋಟಾರ್ ಹೋಮ್ ಎಂದೇ ಬರೆದಿತ್ತು. ಹಾಗೆ ಬರೆದಿರದಿದ್ದರೆ ಎಂಥ ಚಂದದ ಗಾಡಿಯನ್ನೂ ಕೊಳ್ಳಬಾರದು. ನಮ್ಮ ಬಜೆಟ್ಟಿಗೂ ಅದು ಬಗ್ಗಿತು. ನಾನು ಗೋಡೆ ಒತ್ತಿ ನೋಡಿದೆ, ಮೂಸಿ ನೋಡಿದೆ, ಮೂಲೆಯ ಮ್ಯಾಟ್ ಎತ್ತಿ ನೋಡಿದೆ. ಒಣಗಿತ್ತು.

ಬ್ಯಾರಿ ತಲೆ ಕೆರೆದುಕೊಂಡ. "ಒಂದು ಡಿಫೆಕ್ಟ್ ಉಂಟು ಸಾರ್, ಮೊದಲೇ ಹೇಳ್ತೇನೆ. ಮುಂದಿನಿಂದ ಹಿಂದೆ ಹೋಗ್ಲಿಕ್ಕೆ ಆಗುದಿಲ್ಲ. ಇಳಿದು ಸುತ್ತಿ ಬರ್ಬೇಕು. ಬೇಕಾದ್ರೆ ಈ ಗೋಡೆ ಕಟ್ ಮಾಡಿ ಒಂದು ದಾರಿ ಮಾಡಿ ಕೊಡುವ."

"ಹಾಂ, ಅದು ಮಾಡು," ಎಂದರು ನಮ್ಮವರು. "ಇವಳು ಅಲ್ಲಿ, ನಾನು ಇಲ್ಲಿ ಕೂತ್ಕೊಂಡು ಎಂತ ಮಾಡುದು?"

ಇದು ತಪ್ಪಿದರೆ ಇಂಥದು ಇನ್ನೊಂದಿಲ್ಲ. ದನಿ ಸಾಧ್ಯವಾದಷ್ಟು ಪೆದ್ದು ಮಾಡಿಕೊಂಡು, "ಕಟ್ ಮಾಡಿದರೆ ಪಾಸಿಂಗ್ ಆಗುತ್ತದಾ?" ಎಂದೆ. ವರ್ಷಕ್ಕೊಮ್ಮೆ ಗಾಡಿಯನ್ನು ಟೆಸ್ಟಿಂಗಿಗೆ ಒಯ್ಯುವುದಕ್ಕೆ ಇಲ್ಲಿ ಎಲ್ಲರೂ ಅನ್ನುವುದು ಪಾಸಿಂಗ್ ಎಂದೇ.

"ನಿನ್ನ ಹತ್ರ ಕೇಳಿದ್ನಾ?" ಎಂದು ಅವರು ನನ್ನತ್ತ ತಿರುಗಿದರು. ನಾನು ಅರಿವಿಲ್ಲದೆ ತಲೆ ತಗ್ಗಿಸಿ, ಪಟ್ಟಿ ಸುತ್ತಿದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದೆ. ಅಷ್ಟೇ. ಅರೆಕ್ಷಣ.

ಬ್ಯಾರಿ ಆ ಕೈಯನ್ನು ನೋಡಿದ. ಇವರನ್ನು ನೋಡಿದ. ಕೈಯಲ್ಲಿದ್ದ ಚಿಂದಿಬಟ್ಟೆಯಿಂದ ನಿಧಾನಕ್ಕೆ ಬೆರಳು ಒರೆಸಿಕೊಂಡ.

"ಅಮ್ಮ ಹೇಳುದು ಸರಿ ಸಾರ್. ನನಗೆ ಮರ್ತೇ ಹೋಯ್ತು. ಬಾಡಿ ಕಟ್ ಮಾಡಿದ್ರೆ ಪಾಸಿಂಗ್ ಆಗುದೇ ಇಲ್ಲ. ಗಾಡಿ ಜಪ್ತಿ."

ಗಾಡಿ ನನ್ನ ಹೆಸರಿಗೆ ಆಯಿತು. ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟು ಹೊರಡಿಸಿದ. ಅವು ಪಟ್ ಪಟ್ ಎಂದು ಸಿಡಿದಾಗ ನಾನು ಬೆಚ್ಚಿಬಿದ್ದೆ. ಕೀಲಿಕೈ ಎರಡು ಜೊತೆ ಇದ್ದವು. ಒಂದನ್ನು ಇವರ ಎದುರು ಕೊಟ್ಟ. ಇನ್ನೊಂದನ್ನು, ಸೀಟು ತೋರಿಸುವ ನೆಪದಲ್ಲಿ, ನನ್ನ ಕೈಚೀಲದೊಳಗೆ ಬಿಟ್ಟ. "ಹುಷಾರು ಅಮ್ಮ," ಎಂದ, ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗಾಡಿಗೆ ಅಷ್ಟೇನು ಹುಷಾರು ಬೇಕಿರಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಅಲ್ ಕುದ್ರಾ ಮರುಭೂಮಿಯ ಕಡೆ ಹೊರಟೆವು. ಜನವರಿಯ ತಂಪು ಬಿಸಿಲು. ಅವರು ಮುಂದೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಟೆಂಟು ಹಾಕಿದವರನ್ನೆಲ್ಲ ದಾಟಿಸಿ, ಇನ್ನೂ ಮುಂದೆ, ಇನ್ನೂ ಮುಂದೆ ಎಂದು, ಯಾರೂ ಕಾಣದ ಒಂದು ಗಾಫ್ ಮರದ ಹತ್ತಿರ ನಿಲ್ಲಿಸಲು ಹೇಳಿದರು. ಇಳಿದು ಸುತ್ತ ನೋಡಿ, "ಈಗ ಕೂಗು," ಎಂದರು. "ಕೂಗಿ ನೋಡು. ಯಾರು ಬರ್ತಾರೆ ನೋಡುವ."

ನಾನು ಕೂಗಲಿಲ್ಲ. ಚಹಾಕ್ಕೆ ನೀರಿಟ್ಟೆ. ಅವರಿಗೆ ಅದೂ ಸಿಟ್ಟು. ಕೈಯಲ್ಲಿದ್ದ ಮಡಚುವ ಕುರ್ಚಿಯನ್ನು ಬೀಸಿದರು. ಮೊದಲನೆಯದು ಭುಜಕ್ಕೆ, ಎರಡನೆಯದು ಬೆನ್ನಿಗೆ. ನಾನು ಮೆಟ್ಟಿಲಿನಿಂದ ಮರಳಿಗೆ ಬಿದ್ದೆ. ಬಾಯಿಗೆ ಮರಳು, ಮರಳಿಗೆ ರಕ್ತ. ಕುರ್ಚಿಯ ಕಾಲು ಮುರಿದದ್ದು ನೋಡಿ ಅವರು ಅದನ್ನು ಬಿಸಾಡಿ, "ಇರು, ಇರು ನೀನು," ಎನ್ನುತ್ತಾ ಮನೆಯೊಳಗೆ ಹತ್ತಿದರು. ಟೆಂಟಿನ ಗೂಟ ಹೊಡೆಯುವ ಸುತ್ತಿಗೆ ಮಂಚದಡಿಯ ಪೆಟ್ಟಿಗೆಯಲ್ಲಿತ್ತು. ಕಣ್ಣು ಮಂಜು, ಪಾತ್ರೆಗಳನ್ನು ಎಳೆದು ಬಿಸಾಡುತ್ತಾ ತಡಕುತ್ತಿದ್ದ ಸದ್ದು ಕೇಳಿಸಿತು.

ನಾನು ಎದ್ದೆ. ಒಲೆ ಬಾಗಿಲ ಪಕ್ಕದಲ್ಲೇ ಇತ್ತು. ಕೈ ಚಾಚಿ ಗ್ಯಾಸ್ ಆಫ್ ಮಾಡಿದೆ. ಬಾಗಿಲು ಮುಚ್ಚಿದೆ. ಚಿಲಕ ಹಾಕಿದೆ. ಓಡುವಾಗ ಅವರು ಬೀಳದಿರಲಿ ಎಂದು ಹಾಕಿದೆ ಎಂದು ಹೇಳಿದರೆ ಅದರಲ್ಲಿ ಅರ್ಧ ನಿಜವಿದೆ. ಕ್ಯಾಬಿನ್ನಿಗೆ ಹತ್ತಿ, ಕೈಚೀಲದ ಕೀಲಿಯಿಂದ ಸ್ಟಾರ್ಟ್ ಮಾಡಿದೆ. ಹಿಂದಿನ ಮನೆಯಲ್ಲಿ ಜನರನ್ನು ಕೂರಿಸಿ ಓಡಿಸುವಂತಿಲ್ಲ ಎಂಬ ರೂಲ್ ನೆನಪಾಗಿ ಒಂದು ಗಳಿಗೆ ಕೈ ತಡೆಯಿತು. ಜೀವಮಾನವಿಡೀ ನಾನು ಒಂದು ರೂಲ್ ಮುರಿದವಳಲ್ಲ. ಆಮೇಲೆ ಗೇರು ಹಾಕಿದೆ.

ಸುತ್ತಿಗೆ ಸಿಕ್ಕಿತ್ತು. ನನ್ನ ತಲೆಯ ಹಿಂದೆಯೇ ತಗಡು ಧಡ್ ಎಂದಿತು. ಮತ್ತೆ. ಮತ್ತೆ. ಗೋಡೆ ಉಬ್ಬಿ ಉಬ್ಬಿ ನನ್ನ ಸೀಟಿಗೆ ತಗಲುತ್ತಿತ್ತು. ಗಾಜು ಬಿರಿದು ಜೇಡರ ಬಲೆಯಾಯಿತು, ಒಡೆಯಲಿಲ್ಲ. ಅದರಾಚೆ ಅವರ ಮುಖ ತುಂಡು ತುಂಡಾಗಿ ಕನ್ನಡಿಯಲ್ಲಿ ಕಾಣುತ್ತಿತ್ತು. ಅವರ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಾನು ಟಾರು ರಸ್ತೆ ಮುಟ್ಟಿದೆ, ಇಂಡಿಕೇಟರ್ ಹಾಕಿ ಎಡಬಲ ನೋಡಿ ಸೇರಿಕೊಂಡೆ.

ಪಟ್ಟಣ ಹತ್ತಿರವಾದಂತೆ ಸುತ್ತಿಗೆ ನಿಂತಿತು. ಅಕ್ಕಪಕ್ಕದ ಕಾರಿನವರು ತಿರುಗಿ ನೋಡುತ್ತಿದ್ದರಲ್ಲ. ಆಮೇಲೆ ಅದೇ ತಗಡಿನ ಮೇಲೆ, ಮೆಲ್ಲಗೆ, ಬೆರಳ ಗಂಟಿನಿಂದ, ಟಕ್ ಟಕ್. ಸತ್ವಾದ ಹಾಗೇ. ತಟ್ಟಿದರೆ ತಗ್ಗಬೇಕು, ಮರ್ಯಾದೆ. ನನ್ನ ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು. ಅಷ್ಟು ಅಭ್ಯಾಸ. ಇಷ್ಟು ವರ್ಷ ಯಾರು ತಟ್ಟಿದರೂ ತಗ್ಗಿದವಳು ನಾನು. ಕಾಲನ್ನು ವಾಪಸು ಎಳೆದುಕೊಂಡೆ. ದಾರಿಯುದ್ದಕ್ಕೂ ತಟ್ಟುತ್ತಲೇ ಇದ್ದರು. ನಾನು ತಗ್ಗಲಿಲ್ಲ.

ದೇರಾದ ಬಿಲ್ಡಿಂಗಿನ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದೆ. ಗೇರು ಡ್ರೈವ್‌ನಲ್ಲೇ, ಕಾಲು ಬ್ರೇಕಿನ ಮೇಲೆ. ಬಾಲ್ಕನಿಗಳಲ್ಲಿ ತಲೆಗಳು ಕಂಡವು. ನಾತೂರ್ ಓಡಿ ಬಂದು, ನನ್ನ ಸನ್ನೆ ನೋಡಿ ಹಿಂದೆ ಹೋಗಿ ಚಿಲಕ ತೆಗೆದ. ಇವರು ಇಳಿದರು. ಕೂದಲು ಕೆದರಿತ್ತು, ಶರ್ಟಿಗೆಲ್ಲ ಚಹಾದ ಪುಡಿ. ಮೇಲೆ ನೋಡುತ್ತಿದ್ದವರನ್ನು ಕಂಡು ಕಾಲರ್ ಸರಿಮಾಡಿಕೊಂಡು, ನಾತೂರನಿಗೆ, "ಡೋರ್ ಪ್ರಾಬ್ಲಮ್," ಎಂದರು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದು, ತುಟಿ ಮಾತ್ರ ಅಲುಗಿಸುತ್ತಾ ಹೇಳಿದರು:

"ಗಾಡಿ ಪಾರ್ಕ್ ಮಾಡು. ಮೇಲೆ ಬಾ."

"ಪಾರ್ಕ್ ಮಾಡುವುದಿಲ್ಲ," ಎಂದೆ.

ಅವರು ಬಾಗಿಲಿನ ಹಿಡಿ ಎಳೆದರು. ಲಾಕಾಗಿತ್ತು. ಇನ್ನೊಮ್ಮೆ ಎಳೆದರು. ಅಷ್ಟರಲ್ಲಿ ಎದುರು ಫ್ಲಾಟಿನವಳು ನೈಟಿಯ ಮೇಲೆ ವೇಲು ಹೊದ್ದು, ಏದುಸಿರು ಬಿಡುತ್ತಾ ಆಚೆ ಬದಿಯ ಕಿಟಕಿಗೆ ಬಂದಳು. ಕೈಯಲ್ಲಿ ದೊಡ್ಡದೊಂದು ಸ್ಟೀಲಿನ ಡಬ್ಬಿ. ಗಾಜು ಇಳಿಸಿದೆ. ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟಳು.

"ನಿಮ್ಮ ಸಕ್ರಿರೀ ಅಕ್ಕಾರ. ಎಲ್ಲಾ ಕೂಡಿಸಿ ಇಟ್ಟಿದ್ದೆ."

"ಒಂದು ಚಮಚವೂ ಬಳಸಲಿಲ್ಲವಾ?"

"ನಮ್ಮನ್ಯಾಗ ಎಲ್ಲಾರಿಗೂ ಶುಗರ್ ಐತಲ್ರಿ!" ಎಂದು ನಕ್ಕಳು, ಕಣ್ಣು ಒರೆಸಿಕೊಂಡಳು. "ಹೋಗ್ರಿ ಇನ್ನ. ಬಂದಾರ ನೋಡ್ರಿ ಈ ಕಡಿ. ಹೋಗ್ರಿ!"

ಬ್ರೇಕಿನಿಂದ ಕಾಲು ತೆಗೆದೆ.

ಅಬುಧಾಬಿಯ ದಾರಿಯಲ್ಲಿ ಬೆನ್ನ ಹಿಂದಿನ ಗೋಡೆ ಸುಮ್ಮನಿತ್ತು. ಭುಜ ನೋಯುತ್ತಿತ್ತು, ತುಟಿಯ ಮರಳು ಹಲ್ಲಿಗೆ ಸಿಗುತ್ತಿತ್ತು. ಮಗಳ ಬಿಲ್ಡಿಂಗಿನ ಕೆಳಗೆ ಬಂದು ನಿಂತ ಮೇಲೂ ನಾನು ಬ್ರೇಕು ಒತ್ತಿಕೊಂಡೇ ಕುಳಿತಿದ್ದೆ. ಕೈ ಗೇರಿನ ಮೇಲಿತ್ತು, ಅಲುಗುತ್ತಿರಲಿಲ್ಲ. ಮಗಳು ಚಪ್ಪಲಿ ಕೂಡ ಹಾಕದೆ ಇಳಿದು ಬಂದಳು. ನನ್ನ ಮುಖ ನೋಡಿದಳು, ಬಿರಿದ ಗಾಜು ನೋಡಿದಳು. ಕಿಟಕಿಯೊಳಗೆ ಕೈ ಹಾಕಿ ನನ್ನ ಕೆನ್ನೆಯ ಮೇಲಿಟ್ಟಳು.

"ಮಮ್ಮಿ," ಎಂದಳು. "ಪುಟ್ ಇಟ್ ಇನ್ ಪಾರ್ಕ್."

ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹಾಕಿದೆ.

ಏನೂ ಆಗಲಿಲ್ಲ.